ಅಡಿಕೆ ತಕ್ಕಡಿಯಲ್ಲಿ ತೂಗಿದ ಮಾತ್ರೆ

ಪುತ್ತೂರಿನ ಕೋರ್ಟಿನಲ್ಲಿ ಸರಕಾರದ ಪರ ವಾದಿಸುವ ವಕೀಲ ನಾನು. ಕೊಲೆ ಕೇಸಿನಲ್ಲಿ ಯಾರೂ ನಗುವುದಿಲ್ಲ. ಆದರೆ ಮಾದಕ ವಸ್ತುವಿನ ಕೇಸು ಬಂತೆಂದರೆ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ. ಒಂದೇ ಕೇಸಿನಲ್ಲಿ ಆದದ್ದಷ್ಟನ್ನು ಹೇಳುತ್ತೇನೆ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ನಗುವವರು ನಗಬಹುದು.

ಅಮ್ಮ ತಂದ ಡಬ್ಬಿ

ಬೆಳ್ಳಾರೆ ಕಡೆ ಬಟ್ಟೆ ಹೊಲಿಯುವ ಒಬ್ಬರು ಅಕ್ಕ. ಅವರ ಮಗ ಬೈಕಿನಿಂದ ಬಿದ್ದಿದ್ದ. ಸೊಂಟ ನೋವಿಗೆಂದು ಶುರುಮಾಡಿದ ಮಾತ್ರೆ ಅವನನ್ನು ಬಿಡಲೇ ಇಲ್ಲ. ನೋವು ಹೋಗಿ ಎರಡು ವರ್ಷವಾದರೂ ದಿನಕ್ಕೆ ಹತ್ತು ನುಂಗುತ್ತಿದ್ದ. ಕಡಬದಲ್ಲಿ ಡಾಕ್ಟರ ಚೀಟಿಯಿಲ್ಲದೆ ಕೊಡುವ ಮೆಡಿಕಲ್ ಅಂಗಡಿಯೊಂದಿತ್ತು. ಅಕ್ಕ ಒಂದು ದಿನ ಮಗನನ್ನೂ ಮಾತ್ರೆಯ ಡಬ್ಬಿಯನ್ನೂ ಹಿಡಿದುಕೊಂಡು ಸ್ಟೇಷನ್ನಿಗೆ ಹೋದರು. ಅಂಗಡಿಯವನು ಜೈಲಿಗೆ, ಮಗ ಆಸ್ಪತ್ರೆಗೆ ಎಂದು ಅವರು ನಂಬಿದ್ದರು. ಪೊಲೀಸರು ಅಂಗಡಿಯವನನ್ನು ಒಂದನೇ ಆರೋಪಿ ಮಾಡಿದರು, ಮಗನನ್ನು ಎರಡನೇ ಆರೋಪಿ ಮಾಡಿದರು. ಆಸ್ಪತ್ರೆಗೆ ಯಾವಾಗ ಎಂದು ಅಕ್ಕ ಕೇಳಿದ್ದಕ್ಕೆ, ಜಾಮೀನು ಆದ ಮೇಲೆ ಎಂದರಂತೆ.

ಗೋಣಿಗೆ ಕಳೆದದ್ದು

ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಗೋಣಿ ಮಾತ್ರೆ ಸಿಕ್ಕಿತು. ತೂಗಲು ಪಕ್ಕದ ಅಡಿಕೆ ವ್ಯಾಪಾರಿಯ ತಕ್ಕಡಿ ತರಿಸಿದರು, ಸಾಕ್ಷಿಯಾಗಿಯೂ ಅವರನ್ನೇ ನಿಲ್ಲಿಸಿದರು. ವ್ಯಾಪಾರಿ ತೂಗಿದರು. ಅಭ್ಯಾಸಬಲದಿಂದ, ಅಡಿಕೆಗೆ ಕಳೆಯುವ ಹಾಗೆ, ಗೋಣಿಗೆ ಒಂದು ಕಿಲೋ, ಒಣಗದ ಹಸಿಗೆ ಅರ್ಧ ಕಿಲೋ ಕಳೆದು ತೂಕ ಹೇಳಿದರು. ಪೊಲೀಸರು ಅದನ್ನೇ ಬರೆದುಕೊಂಡರು. ಆಮೇಲೆ ಪ್ರಯೋಗಾಲಯದಲ್ಲಿ ತೂಗಿದಾಗ ಮಾತ್ರೆ ಹೆಚ್ಚು ಬಂತು. ಸೀಲು ಹಾಕಿದ ಮಾತ್ರೆ ಸ್ಟೇಷನ್ನಿನಲ್ಲಿ ಮರಿ ಹಾಕಿತೇ, ಇಲ್ಲಾ ಪೊಲೀಸರೇ ತಂದು ಸೇರಿಸಿದರೇ ಎಂದು ಅಂಗಡಿಯವನ ವಕೀಲರು ಕುಣಿದಾಡಿದರು. ಮಾತ್ರೆಯಲ್ಲಿ ಎಂಥ ಹಸಿ, ಯಾಕೆ ಕಳೆದಿರಿ ಎಂದು ನಾನು ವ್ಯಾಪಾರಿಯನ್ನು ಕೇಳಿದೆ.

“ಕಳೆಯದೆ ತೂಕ ಹೇಳಿದ್ರೆ ಮಾರ್ಕೆಟಿನಲ್ಲಿ ನನ್ನ ಮರ್ಯಾದೆ ಎಂತ ಆಗ್ಬೇಕು ಸರ್?” ಎಂದರು.

ವೇದಿಕೆಯ ಶಾಲು

ಕೇಸು ನಡೆಯುತ್ತಿದ್ದಾಗಲೇ ಸುಳ್ಯದ ಒಂದು ಕಾಲೇಜಿನವರು ಮಾದಕ ವ್ಯಸನದ ಬಗ್ಗೆ ಭಾಷಣಕ್ಕೆ ಕರೆದರು. ಹೋಗಿ ನೋಡಿದರೆ ವೇದಿಕೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಜಾಮೀನಿನ ಮೇಲಿದ್ದ ಅದೇ ಅಂಗಡಿಯವ. ಅಂದಿನ ಊಟದ ಪ್ರಾಯೋಜಕ ಅವನೇ. ನನಗೆ ಶಾಲು ಹೊದಿಸಲು ಅವನನ್ನೇ ಕರೆದರು. ಎದ್ದು ಹೋಗಬೇಕಿತ್ತು. ಅಷ್ಟು ಮಕ್ಕಳ ಎದುರು ಧೈರ್ಯ ಸಾಲದೆ ಕುತ್ತಿಗೆ ಬಗ್ಗಿಸಿದೆ, ಅದರ ನಾಚಿಕೆ ಇನ್ನೂ ಹೋಗಿಲ್ಲ. ನಿರೂಪಣೆ ಮಾಡುತ್ತಿದ್ದ ಪಾಪದ ಟೀಚರಿಗೆ ಏನೂ ಗೊತ್ತಿರಲಿಲ್ಲ. ಈ ವಿಷಯದಲ್ಲಿ ವರ್ಷಗಳ ಅನುಭವ ಇರುವ ಇಬ್ಬರೂ ಒಂದೇ ವೇದಿಕೆಯಲ್ಲಿ ಸಿಕ್ಕಿದ್ದು ನಮ್ಮ ಪುಣ್ಯ ಎಂದು ಮೈಕಿನಲ್ಲಿ ಹೇಳಿಬಿಟ್ಟರು.

ಮೆಚ್ಚುಗೆ ಪತ್ರ

ವಿಚಾರಣೆಯ ಕೊನೆಗೆ ನ್ಯಾಯಾಧೀಶರು ಆರೋಪಿಗಳನ್ನು ಒಬ್ಬೊಬ್ಬರಾಗಿ ಕೇಳಿದರು. ಅಂಗಡಿಯವ ಎಲ್ಲದಕ್ಕೂ ಸುಳ್ಳು ಎಂದ. ಅಕ್ಕನ ಮಗ ಮಾತ್ರ, ಎಲ್ಲ ನಿಜ, ನಾನು ತಿಂದದ್ದು ಹೌದು, ಇವರೇ ಕೊಟ್ಟದ್ದು ಎಂದ. ಅವನ ವಕೀಲರು ತಲೆಗೆ ಕೈ ಹಚ್ಚಿ ಕೂತರು. ಚಟ ಬಿಡಲು ತಾನಾಗಿ ಚಿಕಿತ್ಸೆಗೆ ಒಪ್ಪಿದವನನ್ನು ಶಿಕ್ಷೆಯಿಂದ ಉಳಿಸುವ ಕಲಮು ನಮ್ಮ ಕಾನೂನಿನಲ್ಲೇ ಇದೆ. ಆ ವಕೀಲರು ಅದನ್ನು ಕೇಳಲಿಲ್ಲ. ನಾನೂ ನೆನಪಿಸಲಿಲ್ಲ, ಒಬ್ಬನಿಗಾದರೂ ಶಿಕ್ಷೆಯಾಗಲಿ ಎಂಬ ಆಸೆ ನನಗೆ. ತೂಕ ತಾಳೆಯಾಗದ ಕಾರಣ ಅಂಗಡಿಯವ ಬಿಡುಗಡೆಯಾದ. ಸತ್ಯ ಹೇಳಿದವನಿಗೆ ನಾಲ್ಕು ತಿಂಗಳು ಜೈಲಾಯಿತು.

ಮಾದಕ ವಸ್ತುವಿನ ಕೇಸಿನಲ್ಲಿ ಶಿಕ್ಷೆ ಕೊಡಿಸಿದ್ದೀರೆಂದು ನನಗೆ ಮೇಲಿನ ಕಚೇರಿಯಿಂದ ಮೆಚ್ಚುಗೆ ಪತ್ರ ಬಂತು. ನಮ್ಮ ಗುಮಾಸ್ತರು ಅದನ್ನು ಖುಷಿಯಿಂದ ಗಟ್ಟಿಯಾಗಿ ಓದುತ್ತಿದ್ದಾಗ, ತೀರ್ಪಿನ ಪ್ರತಿ ಎಲ್ಲಿ ಸಿಗುತ್ತದೆಂದು ಕೇಳಲು ಬಂದಿದ್ದ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಓದಿ ಮುಗಿಯುವ ತನಕ ತಾಳ್ಮೆಯಿಂದ ಕೇಳಿದರು.

“ಅದು ನನಗೆ ಬರ್ಬೇಕಾದ ಕಾಗದ ಅಲ್ವಾ ಸರ್?” ಎಂದರು. “ಮಗನನ್ನು ಹಿಡಿದು ಕೊಟ್ಟದ್ದು ನಾನಲ್ವಾ?”