ತಮ್ಮನ ಬೈರಾಸು ಮತ್ತು ಮೂರಡಿಯ ರೋಟವೇಟರ್

ಟಿಫಿನ್ ಕ್ಯಾರಿಯರಿನಲ್ಲಿ ಮಣ್ಣು ತುಂಬಿಸಿಕೊಂಡು ಬಸ್ಸು ಹತ್ತುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರಾ? ಇಲ್ಲ ಅಲ್ಲವಾ? ಹಾಗಾದರೆ ನೀವು ಪುಣ್ಯವಂತರು. ಆದರೆ ನಿಮ್ಮಲ್ಲಿ ನಗಲಿಕ್ಕೆ ಎಂತದೂ ಇಲ್ಲ, ಅದೊಂದು ಬೇಜಾರು. ನಮ್ಮಲ್ಲಿ ಒಬ್ಬ ಇದ್ದಾನೆ. ನನ್ನ ಸ್ವಂತ ತಮ್ಮ. ವಯಸ್ಸು ಅರವತ್ತಾರು, ಮಂಡೆ ಪೂರ್ತಿ ಬೋಳು. ಹೊರಗೆ ಮಾತ್ರ ಅಲ್ಲ, ಒಳಗೂ ಹಾಗೆಯೇ ಅಂತ ನಾನು ಹೇಳುದು. ಹೆಸರು ಬರೆಯುದಿಲ್ಲ. ಫೋನಿನಲ್ಲಿ ಕನ್ನಡ ಕುಟ್ಟಲಿಕ್ಕೆ ಸೊಸೆ ನನಗೆ ಕಲಿಸಿ ಒಂದು ತಿಂಗಳಾಯಿತು ಅಷ್ಟೆ. ಅವನ ಹೆಸರಲ್ಲಿ ಎರಡು ಒತ್ತಕ್ಷರ ಉಂಟು, ಅವು ಈ ಫೋನಿನಲ್ಲಿ ಎಲ್ಲಿ ಅಡಗಿ ಕೂತಿವೆ ಅಂತ ನನಗಿನ್ನೂ ಸಿಕ್ಕಿಲ್ಲ. ಸಿಗುವವರೆಗೆ ಅವನ ಮರ್ಯಾದೆ ಉಳಿಯಿತು!

ಕತೆ ಶುರುವಾದದ್ದು ನನ್ನ ಮೊಣಗಂಟಿನಿಂದ. ಕಡಬದ ಹತ್ತಿರ ನಮ್ಮದು ಒಂದೇ ಜಾಲು, ಒಂದೇ ಅಂಗಳ, ಎರಡು ಮನೆ. ಆಚೆಯದ್ದು ತಮ್ಮನದ್ದು, ಈಚೆಯದ್ದು ನನ್ನದು. ಹಿಂದೆ ಬಾವಿ, ಬಾವಿಯ ಎದುರು ಹಳೆ ಹಟ್ಟಿ. ಹಟ್ಟಿಯಲ್ಲಿ ಈಗ ದನ ಇಲ್ಲ, ನಾಲ್ಕು ಹರಿದ ಬುಟ್ಟಿ ಉಂಟು. ಬಾವಿಕಟ್ಟೆಗೂ ಹಟ್ಟಿಯ ಗೋಡೆಗೂ ನಡುವೆ ಒಂದು ಸಂದು. ಆ ಸಂದು ದಾಟಿದರೆ ನನ್ನ ಪಾಲಿನ ಸಣ್ಣ ಗದ್ದೆ. ಬೇರೆ ದಾರಿ ಇಲ್ಲ.

ತುಳಸಿಪೂಜೆ ಕಳೆದ ಮೇಲೆ ನಾನು ಆ ಗದ್ದೆಯಲ್ಲಿ ಸೌತೆ ಹಾಕುದು. ಬೀಜ ಅಮ್ಮನ ಕಾಲದಿಂದ ಬಂದದ್ದು. ಬೀಜವನ್ನು ಸಗಣಿಯಲ್ಲಿ ಕಲಸಿ ಹಟ್ಟಿಯ ಗೋಡೆಗೆ ಬಿಲ್ಲೆ ಬಿಲ್ಲೆಯಾಗಿ ಮೆತ್ತಿಡುದು ಅಮ್ಮನ ಕ್ರಮ, ನನ್ನದೂ ಅದೇ. ಮೊಣಗಂಟು ಕೈಕೊಟ್ಟ ಮೇಲೆ ಹಾರೆ ಹಿಡಿಯಲಿಕ್ಕೆ ಆಗದೆ ಎರಡು ವರ್ಷ ಗದ್ದೆ ಬಿತ್ತನೆ ಇಲ್ಲದೆ ಹಡಿಲು ಬಿತ್ತು. ಗೋಡೆಯಲ್ಲಿ ಇದ್ದ ಬೀಜಕ್ಕೆ ಮೂರು ವರ್ಷ ಆಯಿತು. ಈ ಸಲವೂ ಮಣ್ಣಿಗೆ ಬೀಳದಿದ್ದರೆ ಮತ್ತೆ ಮೊಳಕೆಯ ಆಸೆ ಬೇಡ. ನಾನು ಹಿಂದೆ ಬೀಜ ಕೊಟ್ಟ ಮನೆಗಳಿಗೆ ಫೋನು ಮಾಡಿ ಕೇಳಿದೆ. ಎಲ್ಲರದ್ದೂ ಈಗ ಪ್ಯಾಕೆಟಿನ ಬೀಜವಂತೆ.

ಬಾಡಿಗೆ ಟ್ರ್ಯಾಕ್ಟರ್ ಕರೆಸಿದರೆ ಅದು ಸಂದಿನ ಹತ್ತಿರ ಬಂದು ಮೂತಿ ತೋರಿಸಿ ಹಿಂದೆ ಹೋಯಿತು. ಆಗ ತಮ್ಮ ಅಂದ, ನಾನಿದ್ದೇನಲ್ಲ ಅಂತ. ಗೊಬ್ಬರ ಹೊರಲಿಕ್ಕೆ ಅವನಲ್ಲಿ ಒಂದು ಮಿನಿ ಟ್ರ್ಯಾಕ್ಟರ್ ಉಂಟು. ಅದರ ಹಿಂದೆ ಒಂದು ರೋಟವೇಟರ್ ಕಟ್ಟಿದರಾಯಿತು, ಬಾಗಿದ ಕತ್ತಿಗಳು ಗರಗರ ತಿರುಗಿ ಮಣ್ಣನ್ನು ಹುಡಿ ಮಾಡ್ತವೆ. ಅಂಗಡಿಗೆ ಹೋಗುದು, ತರುದು, ಒಂದು ದಿನದ ಕೆಲಸ ಅಂತ ನಾನು ತಿಳಿದದ್ದು. ಹುಡುಗಿ ನೋಡಲಿಕ್ಕೆ ಹೋದಾಗ ಇವ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೂಂ ಅಂದವ. ರೋಟವೇಟರಿಗೆ ತೆಗೆದುಕೊಂಡದ್ದು ನಾಲ್ಕು ವಾರ! ಅವನ ಹೆಂಡತಿ ಈಗಲೂ ಅದನ್ನು ಎತ್ತಿ ಎತ್ತಿ ಹೇಳುದುಂಟು.

ಮೊದಲು ಪುತ್ತೂರು. ಗದ್ದೆ ನನ್ನದಲ್ಲವಾ, ನಾನೂ ಹೊರಟೆ. ಬಸ್ಸಿನಲ್ಲಿ ನನ್ನ ಮಡಿಲಿಗೆ ಒಂದು ಟಿಫಿನ್ ಕ್ಯಾರಿಯರ್ ಇಟ್ಟು, ಅಲ್ಲಾಡಿಸಬೇಡ ಅಂದ. ಒಳ್ಳೆ ಭಾರ ಇತ್ತು. ತಮ್ಮನ ಹೆಂಡತಿ ಚಿತ್ರಾನ್ನ ಕಟ್ಟಿರಬೇಕು, ಕೆಳಗೆ ಮೊಸರನ್ನ ಇರಬೇಕು ಅಂತ ಇಡೀ ದಾರಿ ಬಾಯಲ್ಲಿ ನೀರೂರಿಸಿಕೊಂಡು ಕೂತೆ. ಅಂಗಡಿಯಲ್ಲಿ ಇವ ಮುಚ್ಚಳ ತೆಗೆದ. ಮೇಲಿನ ಡಬ್ಬದಲ್ಲಿ ನನ್ನ ಗದ್ದೆ, ಕೆಳಗಿನ ಡಬ್ಬದಲ್ಲಿ ಅವನ ಗದ್ದೆ! ಒಂದು ತುಂಡು ಉಪ್ಪಿನಕಾಯಿ ಕೂಡ ಇಲ್ಲ ಮಾರಾಯ್ರೆ.

ನಿಮ್ಮ ಕತ್ತಿಗೆ ಈ ಮಣ್ಣು ಅಂಟುತ್ತದಾ ನೋಡಿ ಅಂತ ಅಂಗಡಿಯವನ ಕೈಗೇ ಕೊಟ್ಟ. ಆ ಪುಣ್ಯಾತ್ಮ ಮಣ್ಣನ್ನು ಎರಡು ಬೆರಳಲ್ಲಿ ತಿಕ್ಕಿ, "ಇನ್ನು ಚೂರು ನೀರು ಹಾಕಿದರೆ ವಡೆ ತಟ್ಟಬಹುದು ಅಣ್ಣ" ಅಂದ. ಹೊಟ್ಟೆ ಹಸಿದವಳ ಎದುರು ಹೇಳುವ ಮಾತಾ ಅದು! ನಾಲ್ಕಡಿಯದ್ದು ತೆಗೆದುಕೊಳ್ಳಿ, ಚಕ್ರದ ಜಾಡು ಸಹ ಮುಚ್ಚುತ್ತದೆ ಅಂತ ಅವನ ಸಲಹೆ. ನಾಲ್ಕಡಿ ಅಂದರೆ ಉಳುವ ಅಗಲ, ಅದರ ಆಚೀಚೆ ಕಬ್ಬಿಣ ಬೇರೆ ಉಂಟು. ಸಂದಿನಲ್ಲಿ ಹಿಡಿಯುತ್ತದಾ ಅಂತ ನಾನು ಕೇಳಿದೆ. ಮಣ್ಣು ತಂದವ ಅಳತೆ ತಂದಿರಲಿಲ್ಲ.

ಮನೆಗೆ ಬಂದು ಅಳತೆ ಶುರು. ಟೇಪು ಕೊಟ್ಟರೆ ಬೇಡವಂತೆ, ಟೇಪು ಬಾಗ್ತದಂತೆ. ಹೆಗಲ ಮೇಲಿನ ಮೈ ಒರೆಸುವ ಬೈರಾಸು ತೆಗೆದು ಒಂದು ತುದಿ ಬಾವಿಕಟ್ಟೆಗೆ ಹಿಡಿದು, ಗೋಡೆ ತಾಗುವಲ್ಲಿ ಒಂದು ಗಂಟು ಹಾಕಿದ. ಅದೇ ಅಳತೆ. ಈಗ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಮಾರನೇ ದಿನ ಆ ಬೈರಾಸು ಜಗಲಿಯಲ್ಲಿ ಬಿದ್ದಿತ್ತು, ಅದರ ಬಣ್ಣ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಗಂಟು ಬಿಚ್ಚಿ ಚೆಂದ ಮಾಡಿ ಒಗೆದೆ. ಒಣಗಿದ ಮೇಲೆ ನೆನಪಾಯಿತು. ಅಂದಾಜಿಗೆ ಇನ್ನೊಂದು ಗಂಟು ಹಾಕಿ ಮೊದಲಿನ ಜಾಗದಲ್ಲೇ ಇಟ್ಟೆ.

ಇವ ಅದನ್ನು ಹಿಡಿದುಕೊಂಡು ಸುಳ್ಯದ ಅಂಗಡಿಗೆ ಹೋದ. ನಾಲ್ಕಡಿಯದ್ದರ ಮೇಲೆ ಬೈರಾಸು ಹಾಸಿ ನೋಡಿದರೆ, ಗಂಟಿನ ಒಳಗೆ ಸರಿಯಾಗಿ ಕೂತಿತು. ಭಾರೀ ಖುಷಿಯಲ್ಲಿ ಮನೆಗೆ ಬಂದು ಇನ್ನೊಮ್ಮೆ ಸಂದಿಗೆ ಬೈರಾಸು ಹಿಡಿದ. ಬಟ್ಟೆ ಗೋಡೆಗೆ ತಾಗಿದ ಮೇಲೂ ಗಂಟಿಗೆ ಇನ್ನೂ ನಾಲ್ಕು ಬೆರಳು ಬಾಕಿ! ಬೇರೆ ಯಾರಾದರೂ ಆಗಿದ್ದರೆ ಬೈರಾಸಿನ ಮೇಲೆ ಸಂಶಯ ಪಡುತ್ತಿದ್ದರು. ಇವ ಗೋಡೆಯ ಮೇಲೆ ಸಂಶಯ ಪಟ್ಟ. ಹಟ್ಟಿ ಬಾವಿಯ ಕಡೆಗೆ ವಾಲುತ್ತಾ ಉಂಟು ಅಂತ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಮೂರು ದಿನ ಆ ಗೋಡೆಗೆ ಮುಖ ಒತ್ತಿಕೊಂಡು ಕೂತ. ಊಟಕ್ಕೆ ಕರೆದರೂ ಇಲ್ಲ. ನಾಲ್ಕನೇ ದಿನ ನನಗೆ ಪಾಪ ಅನಿಸಿ ನಿಜ ಹೇಳಿದೆ. ಬೈಯಲಿಲ್ಲ. ಹೊಸ ಗಂಟು ಹಾಕಿ ಬೈರಾಸನ್ನು ಸೊಂಟಕ್ಕೆ ಬಿಗಿದ, ಮತ್ತೆ ಒಗೆಯಲಿಕ್ಕೆ ಕೊಡಲೇ ಇಲ್ಲ. ಅದರಿಂದ ಒಂದು ಉಪಕಾರ ಆಯಿತು. ಮುಂದೆ ಎಲ್ಲಿಗೆ ಹೋದರೂ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯೇ.

ಅಂತೂ ನಾಲ್ಕಡಿಯದ್ದು ಹಿಡಿಯುದಿಲ್ಲ ಅಂತ ಖಾತ್ರಿಯಾಯಿತು. ಆಗ ಎಲ್ಲರದ್ದೂ ಒಂದೇ ಮಾತು, ಗೋಡೆ ಕೆಡವು. ಅಂಗಡಿಯವ ಫೋನಿನಲ್ಲಿ ಅದೇ ಹೇಳಿದ, ತಮ್ಮನ ಹೆಂಡತಿಯೂ ಅದೇ ಹೇಳಿದಳು. ನಾನಂತೂ ದಿನಕ್ಕೆ ಎರಡು ಸಲ ಹೇಳಿದೆ. ಖಾಲಿ ಹಟ್ಟಿ, ಮಣ್ಣಿನ ಗೋಡೆ, ಬೀಜ ಕಿತ್ತು ಡಬ್ಬಕ್ಕೆ ಹಾಕ್ತೇನೆ, ಗದ್ದೆಯ ಪಸೆ ಆರುತ್ತಾ ಬಂತು, ಎಂತ ಯೋಚನೆ ನಿನ್ನದು ಅಂತ. ಅವ ಮಾತ್ರ ಮೂರಡಿಯದ್ದು ಕೆಲಸ ಮಾಡುದನ್ನು ನೋಡಬೇಕು ಅಂತ ಕೊಲ್ಲಮೊಗ್ರಿಗೆ ಹೊರಟ. ಅಲ್ಲಿ ಒಬ್ಬರ ಹತ್ತಿರ ಅದು ಇತ್ತು. ಈ ಸಲ ನಾನು ನನ್ನದೇ ಬುತ್ತಿ ಕಟ್ಟಿಕೊಂಡು ಹೋದೆ.

ಅವರು ಒಂದು ಸುತ್ತು ಉತ್ತು ತೋರಿಸಿದರು. ಇವ ಯಂತ್ರ ನೋಡಲೇ ಇಲ್ಲ. ಉತ್ತ ಮಣ್ಣಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡು ಕೈಯಲ್ಲಿ ಕೆದಕಲಿಕ್ಕೆ ಶುರುಮಾಡಿದ. ಗದ್ದೆಯವರಿಗೆ ಗಾಬರಿ.

"ಎಂತ ಹುಡುಕುದು ಮಾರಾಯ್ರೆ, ಉಂಗುರ ಬಿತ್ತಾ?"

"ಅಲ್ಲ, ಎರೆಹುಳ. ಎಷ್ಟು ತುಂಡಾಗಿದೆ ನೋಡುದು."

ಹನ್ನೊಂದರಲ್ಲಿ ಎರಡಕ್ಕೆ ಪೆಟ್ಟು, ಒಂಬತ್ತು ಪಾಸು. ಶಾಲೆಯಲ್ಲಿ ಇವನಿಗೆ ಯಾವತ್ತೂ ಅಷ್ಟು ಬಂದದ್ದಿಲ್ಲ. ಆ ಮನೆಯವರು ನನ್ನನ್ನು ಬದಿಗೆ ಕರೆದು, ಇವರು ಮೊದಲಿನಿಂದಲೂ ಹೀಗೆಯಾ ಅಂತ ಮೆಲ್ಲ ಕೇಳಿದರು. ತೊಟ್ಟಿಲಲ್ಲಿ ಸರಿ ಇದ್ದ ಅಂದೆ.

ಮರುದಿನವೇ ಸುಳ್ಯದಿಂದ ಮೂರಡಿಯದ್ದು ಬಂತು. ನೋಡಿದವರೆಲ್ಲ ನಗಾಡಿದರು. ಎಮ್ಮೆಯ ಬಾಲಕ್ಕೆ ಬಾಚಣಿಗೆ ಕಟ್ಟಿದ ಹಾಗೆ ಉಂಟು ಅಂತ ನಾನೂ ಒಂದು ಸೇರಿಸಿದೆ. ಮೂರು ದೊಡ್ಡ ಗದ್ದೆ ಇವನದ್ದೇ ಉಂಟು, ಅವಕ್ಕೆ ಇನ್ನು ಜನ್ಮವಿಡೀ ಆ ಬಾಚಣಿಗೆಯಲ್ಲಿ ಸುತ್ತಬೇಕು. ಅದು ಗೊತ್ತಿದ್ದೂ ತಂದವನಿಗೆ ಎಂತ ಹೇಳುದು?

ಬೆಳಿಗ್ಗೆ ಎದ್ದು ಸೀದಾ ನನ್ನ ಗದ್ದೆಗೇ ಹೊರಟ. ಟ್ರ್ಯಾಕ್ಟರ್ ಸಂದಿನಲ್ಲಿ ಮೆಲ್ಲ ಮೆಲ್ಲ ನುಸುಳಿತು. ಗೋಡೆಗೆ ಒಂದು ಗೀರಿಲ್ಲ. ನಾನು ಬೀಜ ಕೀಳಲಿಕ್ಕೆ ಗೋಡೆಯ ಹತ್ತಿರ ನಿಂತೆ. ಬಿಲ್ಲೆ ಎದ್ದು ಬಂತು. ಅದರ ಪಕ್ಕದಲ್ಲೇ ಇನ್ನೊಂದು ಹಳೆ ಬಿಲ್ಲೆ ಗೋಡೆಗೇ ಕಚ್ಚಿಕೊಂಡಿತ್ತು, ಅದರ ನಡುವೆ ಹೆಬ್ಬೆರಳು ಒತ್ತಿದ ಗುಳಿ. ನನ್ನ ಬೆರಳು ಇಟ್ಟು ನೋಡಿದೆ, ಹಿಡಿಯಲಿಲ್ಲ. ನನ್ನದು ದಪ್ಪ. ಅಮ್ಮನ ಕೈ ಸಣ್ಣದಿತ್ತು.

ಕಣ್ಣೆತ್ತಿದರೆ ಎಂಜಿನ್ ನಿಲ್ಲಿಸಿ ತಮ್ಮ ಈ ಕಡೆಯೇ ನೋಡುತ್ತಾ ಇದ್ದ. ಮೂರು ದಿನ ಆ ಗೋಡೆಗೆ ಮುಖ ಒತ್ತಿ ಕೂತವನಿಗೆ ಇದು ಕಾಣದೆ ಇರುತ್ತದಾ? ಅವ ಪುನಃ ಎಂಜಿನ್ ಹಾಕಿದ.

ಬಿತ್ತಿದ ಏಳನೇ ದಿನ ಎರಡೆರಡು ಎಲೆ ಕಾಣಿಸಿತು. ಎಲ್ಲ ಗುಳಿಯಲ್ಲಿ ಅಲ್ಲ, ಅರ್ಧಕ್ಕರ್ಧ. ಸಾಕು, ಬೀಜಕ್ಕೆ ಧಾರಾಳ ಆಯಿತು. ನಾನು ಕೋಲೂರಿಕೊಂಡು ಬದುವಿನಲ್ಲಿ ನಿಂತಿದ್ದೆ, ಅವ ಪಕ್ಕದಲ್ಲಿ ಬಂದು ನಿಂತ. ನನ್ನ ಖುಷಿ ಅವನಿಗೆ ಗೊತ್ತಾಗಬಾರದಲ್ಲ, ಒಂದು ಕೊಂಕು ಬಿಟ್ಟೆ.

"ನಾಲ್ಕಡಿಯದ್ದು ತಂದಿದ್ದರೆ ಇಷ್ಟೊತ್ತಿಗೆ ಬಳ್ಳಿ ಹಬ್ಬುತ್ತಿತ್ತು. ಒಂದು ಮಣ್ಣಿನ ಗೋಡೆ ಕೆಡವಲಿಕ್ಕೆ ಆಗಲಿಲ್ಲ ಅಲ್ಲವಾ ನಿನಗೆ?"

ಅವ ಸೊಂಟದ ಬೈರಾಸು ಬಿಚ್ಚಿ, ಗಂಟು ಬಿಡಿಸಿ, ತಲೆ ಒರೆಸಿಕೊಂಡ.

"ಕೆಡವಬಹುದಿತ್ತಕ್ಕ. ಮತ್ತೆ ಮುಂದಿನ ವರ್ಷದ ಬೀಜ ನೀನು ಎಲ್ಲಿಗೆ ಮೆತ್ತುದು, ನನ್ನ ಬೋಳು ಮಂಡೆಗಾ?"