ಶಾಮಿಲ್ ಪಾಷಾ ಕುಡಿಯದ ಕಾಫಿ

ಬಗ್ದಾದಿನಲ್ಲಿ ಅತಿಥಿಯು ಕಾಫಿಯನ್ನು ಕುಡಿಯದೆ ಕೆಳಗಿಟ್ಟರೆ ಅವನಿಗೊಂದು ಬೇಡಿಕೆಯಿದೆ ಎಂದರ್ಥ. ಅದನ್ನು ನಡೆಸಿಕೊಡುತ್ತೇನೆಂದು ಮಾತು ಕೊಡುವುದು ಮನೆಯವನ ಕರ್ತವ್ಯ. ಮರುಭೂಮಿಯ ಡೇರೆಗಳಿಂದ ಬಂದ ಈ ಪದ್ಧತಿಯನ್ನು ದೊರೆಯ ಅರಮನೆಯೂ ಚಾಚೂ ತಪ್ಪದೆ ಪಾಲಿಸುತ್ತಿತ್ತು.

ಕಾಲುವೆ ಇಲಾಖೆಯ ಉಪಾಧಿಕಾರಿ ಶಾಮಿಲ್ ಬೇಗ್ ಅವರ ಹೊಟ್ಟೆಯಲ್ಲಿ ಹುಣ್ಣಿತ್ತು. ಬೈರೂತಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಜೀವಕ್ಕೇ ಅಪಾಯ, ಅಲ್ಲಿಯವರೆಗೆ ಕಾಫಿ ಮುಟ್ಟಕೂಡದು ಎಂದು ಡಾಕ್ಟರ್ ಸರ್ಕೀಸ್ ಹೇಳಿದ್ದರು. ಹೊರದೇಶದ ರಜೆಯನ್ನು ಅರಮನೆಯೇ ಕೊಡಬೇಕು. ಶಾಮಿಲ್ ಬೇಗ್ ಹೋಗಿ ಅರಮನೆಯ ಮುಖ್ಯಾಧಿಕಾರಿ ನಶಾತ್ ಬೇಗ್ ಅವರ ಎದುರು ಕುಳಿತರು. ಕಾಫಿ ಬಂತು. ಅವರು ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟರು.

"ಕುಡೀರಿ, ಕುಡೀರಿ. ಕೊಟ್ಟಾಯ್ತು," ಎಂದರು ನಶಾತ್ ಬೇಗ್.

"ಏನು ಕೊಟ್ರಿ? ನಾನಿನ್ನೂ ಕೇಳೇ ಇಲ್ವಲ್ಲ!"

"ಈ ಕೋಣೇಲಿ ಬಟ್ಟಲು ಇಟ್ಟೋರು ಇನ್ನೇನು ಕೇಳ್ತಾರೆ? ನೀರಾವರಿ ಖಾತೆ ಬೆಳಗ್ಗೆಯಿಂದ ಖಾಲಿ ಇದೆ."

"ಅಯ್ಯೋ, ನನಗೆ ಹೊಟ್ಟೇದು ತೊಂದರೆ ಬೇಗ್!"

"ಇಲ್ಲಿಗೆ ಬರೋರಿಗೆಲ್ಲ ಹೊಟ್ಟೇದೇ ತೊಂದರೆ. ಸಂಕೋಚ ಬೇಡ."

ನೀರಾವರಿ ಮಂತ್ರಿ ಶಾಮಿಲ್ ಬೇಗ್ ಎಂದು ಸಂಜೆಯ ರೇಡಿಯೋ ಸಾರಿತು. ಮಂತ್ರಿಗೆ ಮೊದಲ ಆರು ತಿಂಗಳು ರಜೆಯಿಲ್ಲ. ಯಾವ ಸಂಪುಟವೂ ಆರು ತಿಂಗಳು ಬಾಳದ ಕಾರಣ ರಜೆ ಕಂಡ ಮಂತ್ರಿಯೇ ಇಲ್ಲ. ಸಂಪುಟ ಬಿತ್ತು. ಶಾಮಿಲ್ ಬೇಗ್ ರಜೆ ಕೇಳಲು ಓಡಿದರು. ಕಾಫಿ ಬಂತು. ಶಿಕ್ಷಣ ಖಾತೆ ಸಿಕ್ಕಿತು. ಮತ್ತೆ ಸಂಪುಟ ಬಿತ್ತು, ಹಣಕಾಸು ಸಿಕ್ಕಿತು.

ನಾಲ್ಕನೆಯ ಸಲ ಅವರು ಗಟ್ಟಿ ಮನಸ್ಸು ಮಾಡಿದರು. ಕಣ್ಣು ಮುಚ್ಚಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಹೊಟ್ಟೆ ಹಿಡಿದುಕೊಂಡು ಬಗ್ಗಿದರು.

ನಶಾತ್ ಬೇಗ್ ಅವರ ಕಣ್ಣು ತುಂಬಿ ಬಂತು. "ಏನೂ ಬೇಡದ ಮನುಷ್ಯ! ಮೇಲಾಗಿ ಎಷ್ಟು ತಲೆಬಾಗ್ತಾರೆ ನೋಡಿ! ಪ್ರಧಾನಿ ಅಂದ್ರೆ ಇಂಥವರು."

ಹೀಗೆ ಅವರು ಪ್ರಧಾನಿಯಾಗಿ, ಆ ಪದವಿಯ ಜೊತೆಗೆ ಬರುವ ಬಿರುದಿನಿಂದ ಶಾಮಿಲ್ ಪಾಷಾ ಆದರು. ಪ್ರಧಾನಿಯ ಕಾಯಿಲೆಯನ್ನು ವೈದ್ಯರು ಬರೆದುಕೊಟ್ಟರೆ ಅದೇ ದಿನ ರಜೆ ಎಂಬ ನಿಯಮವನ್ನು ಓದಿ, ಪಾಷಾ ಬಹುದಿನಗಳ ಮೇಲೆ ನಕ್ಕರು. ಕೂಡಲೇ ಡಾಕ್ಟರ್ ಸರ್ಕೀಸ್ ಅವರನ್ನು ಕರೆಸಿದರು. ಮನೆಗೆ ಬಂದವರಿಗೆ ಕಾಫಿ ಕೊಡದಿರಲಾಗದು. ಡಾಕ್ಟರು ಬಟ್ಟಲನ್ನು ಕೆಳಗಿಟ್ಟರು.

"ಅಯ್ಯೋ, ನಿಮಗೂ ಹುಣ್ಣೇ?"

"ನನ್ನ ಹೊಟ್ಟೆ ಕಲ್ಲಿನ ಹಾಗಿದೆ, ಪಾಷಾ. ಆರೋಗ್ಯ ಖಾತೆ ಖಾಲಿ ಇದೆಯಂತಲ್ಲ?"

ಪಾಷಾ ಬಟ್ಟಲನ್ನು ನೋಡಿದರು, ಡಾಕ್ಟರನ್ನು ನೋಡಿದರು. ಹಿರಿಯರ ಪದ್ಧತಿ.

"ಕುಡೀರಿ," ಎಂದರು.

ಪ್ರಧಾನಿಗೆ ಕಾಯಿಲೆಯೆಂದರೆ ಸಂಪುಟ ಬೀಳುತ್ತದೆ. ಸಂಪುಟ ಬಿದ್ದರೆ ಆರೋಗ್ಯ ಮಂತ್ರಿಯೂ ಮನೆಗೆ ಹೋಗಬೇಕು. ಆದ್ದರಿಂದ ಮರುದಿನ ರೇಡಿಯೋದಲ್ಲಿ ಹೊಸ ಆರೋಗ್ಯ ಮಂತ್ರಿ ಡಾಕ್ಟರ್ ಸರ್ಕೀಸ್ ಅವರ ಪ್ರಕಟಣೆ ಹೊರಟಿತು: "ಮಾನ್ಯ ಪ್ರಧಾನಿಯವರಿಗೆ ಹುಣ್ಣು ಇರುವುದಿಲ್ಲ. ಹಿಂದೆಯೂ ಇರಲಿಲ್ಲ. ಈ ಸಂಪುಟ ಇರುವವರೆಗೆ ಬರತಕ್ಕದ್ದೂ ಅಲ್ಲ."

ಮನೆಯಲ್ಲಿ ಹೆಂಡತಿ ಬದ್ರಿಯಾ ರೇಡಿಯೋ ಆರಿಸಿ, ಕೆಂಡದಲ್ಲಿ ಸುಟ್ಟ ಟೈಗ್ರಿಸ್ ಮೀನನ್ನೂ ಖಾರದ ಮಾವಿನ ಉಪ್ಪಿನಕಾಯಿಯನ್ನೂ ತಂದಿಟ್ಟಳು.

"ಕೇಳಿದ್ರಾ, ನಿಹಾದನ ಅಪ್ಪಾ? ಗುಣ ಆಯ್ತಂತೆ! ದೇವರು ದೊಡ್ಡವನು."

ಪಾಷಾ ಹೊಟ್ಟೆಯ ಮೇಲಿದ್ದ ಕೈಯನ್ನು ತೆಗೆದರು.

"ಸರ್ಕಾರವೇ ಹೇಳಿದ ಮೇಲೆ ನಂದೇನಿದೆ," ಎಂದು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಉಪ್ಪಿನಕಾಯಿ ಇನ್ನೊಂಚೂರು ಹಾಕು."