ಸಾಲಿನ ಕೊನೆಯವಳು

ಹೇಂಟೆಯೊಂದು ಹುಂಜದ ಹಾಗೆ ಕೂಗಿತು. ಆದದ್ದು ಅಷ್ಟೇ. ಆದರೆ ಕೂಗಿದ್ದು ಬೆಳಗಿನ ಐದೂಕಾಲಿಗೆ, ಅದೂ ಬಡಾವಣೆ ಸಂಘದ ಕಾರ್ಯದರ್ಶಿಗಳು ಮಲಗುವ ಕೋಣೆಯ ಕಿಟಕಿಗೆ ಆರೇ ಅಡಿ ದೂರದಲ್ಲಿ.

ಆರು ಗಂಟೆಗೆ ಕಾರ್ಯದರ್ಶಿಗಳ ತಲೆ ಹಿತ್ತಿಲ ಗೋಡೆಯ ಮೇಲೆ ಕಾಣಿಸಿಕೊಂಡಿತು. ಸಂಘದ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಮನೆಗೆ ನಾಲ್ಕು ಹೇಂಟೆಗಳ ತನಕ ಅಡ್ಡಿಯಿಲ್ಲ, ಹುಂಜ ಮಾತ್ರ ಕೂಡದು. ಹುಂಜ ಸಿಕ್ಕಿದರೆ ಗೂಡನ್ನೇ ಖಾಲಿ ಮಾಡಿಸಬೇಕು.

“ಹುಂಜ ಇಲ್ಲ ಸಾರ್,” ಎಂದ ಲ್ಯಾಬಣ್ಣ. “ದೊಡ್ಡಮ್ಮ ಕೂಗಿದ್ದು.”

“ನಿಮ್ಮ ದೊಡ್ಡಮ್ಮ ಯಾವಾಗ ಬಂದ್ರು?”

ದೊಡ್ಡಮ್ಮ ಎಂದರೆ ಕರಿಕೋಳಿ ಎಂದು ವಿವರಿಸಿದ ಮೇಲೆ ಅವರ ಮುಖ ಇನ್ನಷ್ಟು ಬಿಗಿಯಿತು. ಸಂಜೆ ಐದಕ್ಕೆ ಸಮಿತಿಯನ್ನು ಕರೆದುಕೊಂಡು ಬರುವುದಾಗಿಯೂ, ಅರ್ಧ ಗಂಟೆ ಕುಳಿತು ಕೇಳುವುದಾಗಿಯೂ, ಕೂಗು ಕೇಳಿದರೆ ಇವತ್ತೇ ಗೂಡು ಖಾಲಿಯೆಂದೂ ಹೇಳಿ ತಲೆ ಕೆಳಗಿಳಿಯಿತು.

ಲ್ಯಾಬಣ್ಣ ಹೈಸ್ಕೂಲಿನ ಪ್ರಯೋಗಾಲಯದ ಸಹಾಯಕ. ಗಾಜಿನ ನಳಿಗೆಗಳನ್ನು ತೊಳೆಯುತ್ತ, ಅಸ್ಥಿಪಂಜರದ ಧೂಳು ಒರೆಸುತ್ತ ಹದಿನೇಳು ವರ್ಷ ಕಳೆದಿದ್ದ. ಅವನ ನಾಲ್ಕು ಕೋಳಿಗಳಲ್ಲಿ ದೊಡ್ಡಮ್ಮ ನಡುವಿನ ಇಬ್ಬರನ್ನು ಕುಕ್ಕುತ್ತಿದ್ದಳು. ಆ ಇಬ್ಬರು ಕೊನೆಯವಳನ್ನು ಕುಕ್ಕುತ್ತಿದ್ದರು. ಕೊನೆಯವಳಿಗೆ ಕುಕ್ಕಲು ಯಾರೂ ಇರಲಿಲ್ಲ. ಅವಳ ಕತ್ತಿನಲ್ಲಿ ಒಂದು ಪುಕ್ಕವೂ ಉಳಿದಿರಲಿಲ್ಲ. ಎಲ್ಲರೂ ತಿಂದು ಬಿಟ್ಟದ್ದೇ ಅವಳ ಪಾಲು.

ಅವನಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು. ಅವನ ಮನೆಯಲ್ಲಿ ದಿನಪತ್ರಿಕೆ ಅತ್ತೆಯಿಂದ ಹೆಂಡತಿಗೆ, ಹೆಂಡತಿಯಿಂದ ಮಗಳಿಗೆ ದಾಟಿ, ಪದಬಂಧವೆಲ್ಲ ತುಂಬಿಸಿಕೊಂಡ ಮೇಲೆ ಅವನ ಕೈಗೆ ಬರುತ್ತಿತ್ತು. ಬಿಸಿನೀರೂ ಅದೇ ದಾರಿಯಲ್ಲಿ ಬಂದು, ಅವನಿಗೆ ಮುಟ್ಟುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಹಾಗಾಗಿ ದಿನಾ ಸಂಜೆ ಜೇಬಿನಲ್ಲಿ ಒಂದು ಹಿಡಿ ಜೋಳ ತಂದು ಕೊನೆಯವಳಿಗೆ ಅಂಗೈಯಲ್ಲಿ ತಿನ್ನಿಸುತ್ತಿದ್ದ. ಅವಳು ಬಲು ಮೆತ್ತಗೆ, ಒಂದೊಂದೇ ಕಾಳು ಎತ್ತಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅವನ ದಾರಿ ಕಾಯುತ್ತಿದ್ದ ಜೀವ ಅದೊಂದೇ. ಗೂಡು ಖಾಲಿಯಾದರೆ ಬೋಳು ಕತ್ತಿನ ಆ ಕೋಳಿಯನ್ನು ಸಾಕಲೆಂದು ಯಾರೂ ಒಯ್ಯುವುದಿಲ್ಲ, ಸಾರಿಗೆಂದೇ ಒಯ್ಯುತ್ತಾರೆ.

“ರೀ, ಕೋಳಿ ನಿಮ್ದು, ನೀವೇ ಏನಾದ್ರೂ ಮಾಡ್ಕೊಳ್ಳಿ,” ಎಂದಳು ಹೆಂಡತಿ. ಅತ್ತೆಯವರು ಇನ್ನೂ ಪತ್ರಿಕೆ ಓದುತ್ತಿದ್ದರು.

ಅವನು ದೊಡ್ಡಮ್ಮನನ್ನು ಗೋಣಿಚೀಲಕ್ಕೆ ಹಾಕಿ, ಉಸಿರಾಟಕ್ಕೆ ನಾಲ್ಕು ತೂತು ಮಾಡಿ, ಸೈಕಲ್ಲಿಗೆ ಕಟ್ಟಿಕೊಂಡು ಶಾಲೆಗೆ ಹೋದ. ಅಸ್ಥಿಪಂಜರದ ಕಪಾಟಿನ ತಳದಲ್ಲಿ ಜಾಗವಿತ್ತು. ಚೀಲವನ್ನು ಅಲ್ಲಿಟ್ಟು ಬಾಗಿಲು ಮುಚ್ಚಿದ. ಎರಡನೇ ಪೀರಿಯಡ್ಡಿನಲ್ಲಿ ಹೆಡ್‌ಮಾಸ್ಟರರು ತರಗತಿ ನೋಡಲು ಬಂದರು. ಮನುಷ್ಯನ ಪಕ್ಕೆಲುಬು ಎಷ್ಟು ಎಂದು ಅವರು ಕೇಳಿದ್ದೇ ತಡ, ಅಸ್ಥಿಪಂಜರದ ಪಾದದ ಬಳಿಯಿಂದ ಉದ್ದನೆಯ ಕೂಗೆದ್ದಿತು.

ಹೆಡ್‌ಮಾಸ್ಟರರು ವಿಜ್ಞಾನದ ಮೇಡಮ್ಮನ್ನು ಗದರಿದರು. ಮೇಡಂ ಲ್ಯಾಬಣ್ಣನನ್ನು ಗದರಿದರು. ಲ್ಯಾಬಣ್ಣ ಅಸ್ಥಿಪಂಜರದ ಕಡೆ ನೋಡಿದ.

ಆದರೆ ಗಂಟೆ ಹೊಡೆದ ಮೇಲೆ ಮೇಡಂ ಕುತೂಹಲ ತಡೆಯಲಾರದೆ ಚೀಲ ಬಿಚ್ಚಿಸಿ ನೋಡಿದರು. ಹುಂಜವಿಲ್ಲದ ಗುಂಪಿನಲ್ಲಿ ಎಲ್ಲಕ್ಕಿಂತ ಮೇಲಿರುವ ಹೇಂಟೆ ಕೆಲವೊಮ್ಮೆ ಹುಂಜದ ಕೆಲಸವನ್ನು ತಾನೇ ವಹಿಸಿಕೊಂಡುಬಿಡುತ್ತದೆ, ಕೂಗುತ್ತದೆ, ಇದು ರೋಗವಲ್ಲ, ಅಧಿಕಾರ ಎಂದು ತಿಳಿಸಿ ಹೇಳಿದರು.

“ನಾಲ್ಕು ದಿನ ಬೇರೆ ಕಡೆ ಇಟ್ಟು ವಾಪಸ್ ತನ್ನಿ. ಅಷ್ಟರಲ್ಲಿ ಇದರ ಜಾಗ ಹೋಗಿರತ್ತೆ. ಹೊಸಬಳ ಥರ ಕೊನೇಲಿ ನಿಲ್ಲಬೇಕಾಗತ್ತೆ.”

“ಹಾಗಾದ್ರೆ ಈಗ ಕೊನೇಲಿರೋಳು?”

“ಮೇಲೆ ಹೋಗ್ತಾಳೆ.”

ಹದಿನೇಳು ವರ್ಷಗಳಲ್ಲಿ ಆ ಪ್ರಯೋಗಾಲಯದಲ್ಲಿ ಅವನು ಕೇಳಿದ ಅತ್ಯಂತ ಒಳ್ಳೆಯ ಮಾತು ಇದು. ಖಾಲಿಯಾದ ಜಾಗ ಖಾಲಿ ಉಳಿಯುವುದಿಲ್ಲ, ಯಾರಾದರೊಬ್ಬರು ಹತ್ತಿ ಕೂರುತ್ತಾರೆ ಎಂದು ಮೇಡಂ ಇನ್ನೂ ಹೇಳುತ್ತಲೇ ಇದ್ದರು. ಅವನು ಚೀಲದ ಬಾಯಿ ಕಟ್ಟುತ್ತಿದ್ದ. ಶಾಲೆಯ ಗೇಟು ಕಾಯುವವನ ಮನೆಯಲ್ಲಿ ನಿಜವಾದ ಹುಂಜವೇ ಇತ್ತು. ದೊಡ್ಡಮ್ಮನನ್ನು ನಾಲ್ಕು ದಿನದ ಮಟ್ಟಿಗೆ ಅವನಿಗೆ ಒಪ್ಪಿಸಿ, ಖಾಲಿ ಚೀಲ ಬೀಸಿಕೊಂಡು ಮನೆಗೆ ಬಂದ.

ಮನೆಯಲ್ಲಿ ಅತ್ತೆಯವರು ದಿನದ ವರದಿ ಒಪ್ಪಿಸಿದರು. ಅಳಿಯಂದಿರು ಅತ್ತ ಹೋಗುತ್ತಿದ್ದಂತೆ ನಡುವಿನ ಎರಡು ಕೋಳಿಗಳು ಜಗಳಕ್ಕೆ ಬಿದ್ದವಂತೆ. ಮಧ್ಯಾಹ್ನದ ತನಕ ಕುಕ್ಕಾಡಿ, ಜುಟ್ಟು ಹರಿದುಕೊಂಡು, ಈಗ ಒಂದೊಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿವೆಯಂತೆ. ಆ ಗಲಾಟೆಯಲ್ಲಿ ಬೋಳುಕತ್ತಿನದನ್ನು ಕೇಳುವವರಿಲ್ಲದೆ, ಕಾಳೆಲ್ಲ ಅದೊಂದೇ ತಿಂದಿತಂತೆ. ಲ್ಯಾಬಣ್ಣನಿಗೆ ಕಣ್ಣು ತುಂಬಿ ಬಂತು.

ಐದಕ್ಕೆ ಸರಿಯಾಗಿ ಕಾರ್ಯದರ್ಶಿಗಳೂ ಸಮಿತಿಯ ಸದಸ್ಯರಾದ ಹಲ್ಲಿನ ಡಾಕ್ಟರೂ ಬಂದು ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಕಾರ್ಯದರ್ಶಿಗಳ ತೊಡೆಯ ಮೇಲೆ ಸಂಘದ ಪುಸ್ತಕವಿತ್ತು. ಹೆಂಡತಿ, ಮಗಳು, ಅತ್ತೆ ಬಾಗಿಲಲ್ಲಿ ನಿಂತರು. ಶೋಕಸಭೆಯಂತಹ ಮೌನದಲ್ಲಿ ಇಪ್ಪತ್ತೈದು ನಿಮಿಷ ಕಳೆಯಿತು. ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ತೆಗೆದರು. ಗೆದ್ದೆನೆಂದುಕೊಂಡ ಲ್ಯಾಬಣ್ಣ ಕೊನೆಯವಳನ್ನು ನೋಡಿಬರಲು ಗೂಡಿನ ಹಿಂದಕ್ಕೆ ಹೋಗಿ ಬಗ್ಗಿದ.

ಅಲ್ಲಿ ಕೊನೆಯವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತಿದ್ದಳು. ಅವನನ್ನು ಒಮ್ಮೆ ನೋಡಿ, ಬೋಳು ಕತ್ತನ್ನು ನೀಳವಾಗಿ ಚಾಚಿ, ಕಣ್ಣು ಮುಚ್ಚಿ ಕೂಗಿದಳು.

ಕೂಗು ಮುಗಿದ ಮೇಲೆ ಹಿತ್ತಿಲಲ್ಲಿ ಪುಟ ತಿರುಗಿಸಿದ ಸದ್ದು ಕೇಳಿತು.

“ಯಾರದು ಕೂಗಿದ್ದು?” ಎಂದರು ಕಾರ್ಯದರ್ಶಿಗಳು.

ಲ್ಯಾಬಣ್ಣ ಗೂಡಿನ ಹಿಂದಿನಿಂದ ಎದ್ದು ನಿಂತ. “ನಾನೇ.”

“ನೀವಾ?”

“ಬೆಳಗ್ಗೆನೂ ನಾನೇ. ಹೇಳೋಕೆ ನಾಚಿಕೆ ಆಯ್ತು.”

ಹಲ್ಲಿನ ಡಾಕ್ಟರು ಸಂಶಯದಿಂದ ಅವನ ಬಾಯಿಯನ್ನೇ ನೋಡಿದರು. ಹಾಗಿದ್ದರೆ ಇನ್ನೊಮ್ಮೆ ಕೂಗಿ ಎಂದರು ಕಾರ್ಯದರ್ಶಿಗಳು. ಲ್ಯಾಬಣ್ಣ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ತಣ್ಣೀರ ಸ್ನಾನಗಳನ್ನೂ, ತುಂಬಿಸಿಟ್ಟ ಪದಬಂಧಗಳನ್ನೂ, ಹದಿನೇಳು ವರ್ಷದ ಗಾಜಿನ ನಳಿಗೆಗಳನ್ನೂ ನೆನೆದು, ಎದೆ ತುಂಬ ಉಸಿರೆಳೆದು ಕೂಗಿದ. ಬಹಳ ಚೆನ್ನಾಗಿ ಬಂತು. ದೂರದ ಯಾವುದೋ ಮನೆಯಲ್ಲಿ ನಾಯಿ ಬೊಗಳಿತು.

ಕಾರ್ಯದರ್ಶಿಗಳು ಗಂಭೀರವಾಗಿ ಬರೆದುಕೊಂಡು ಗಟ್ಟಿಯಾಗಿ ಓದಿದರು: “ಹುಂಜ ಇರುವುದಿಲ್ಲ. ಮನೆಯ ಯಜಮಾನರೇ ಕೂಗುತ್ತಾರೆ. ಬೆಳಗ್ಗೆ ಏಳಕ್ಕೆ ಮುಂಚೆ ಕೂಗದಂತೆ ತಿಳಿಸಲಾಗಿದೆ.” ಅವನನ್ನು ಯಜಮಾನ ಎಂದು ಯಾರಾದರೂ ಕರೆದದ್ದು ಅದೇ ಮೊದಲು. ಅವರು ಹೊರಟ ಮೇಲೆ ಅತ್ತೆಯವರು ಮಗಳನ್ನೂ ಮೊಮ್ಮಗಳನ್ನೂ ಒಳಗೆ ಕರೆದುಕೊಂಡು ಹೋಗಿ ಚಿಲಕ ಹಾಕಿಕೊಂಡರು.

ಪರವಾಗಿಲ್ಲ ಎನಿಸಿತು ಅವನಿಗೆ. ಮಾನ ಹೋದರೂ ಕೊನೆಯವಳು ಉಳಿದಳು. ಜೇಬಿನಿಂದ ಜೋಳ ತೆಗೆದು, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅಂಗೈ ಚಾಚಿದ. ನಡುವಿನ ಎರಡು ಕೋಳಿಗಳು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದವು. ಕೊನೆಯವಳು ನಿಧಾನವಾಗಿ ಕೆಳಗಿಳಿದು ಬಂದು ಜೋಳವನ್ನು ನೋಡಿದಳು, ಅವನನ್ನು ನೋಡಿದಳು. ಜೋಳವನ್ನು ಮುಟ್ಟದೆ ಅವನ ಹೆಬ್ಬೆರಳ ಬುಡಕ್ಕೆ ರಕ್ತ ಬರುವಂತೆ ಕುಕ್ಕಿದಳು.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. ಲ್ಯಾಬಣ್ಣ ಜೋಳವನ್ನೆಲ್ಲ ನೆಲಕ್ಕೆ ಸುರಿದು, ಎದ್ದು ಹೋಗಿ ಎರಡು ಕೋಳಿಗಳ ಹಿಂದೆ ನಿಂತುಕೊಂಡ.